ಮೋಶೆ ಕಣ್ಮರೆಯಾದ ಬೆಟ್ಟ: ಸೀನಾಯಿಯಲ್ಲಿ ನಾಲ್ಕು ದಿನ

ಬೈಬಲಿನಲ್ಲಿ ಬೆಟ್ಟಗಳಿಗೆ ಬರವಿಲ್ಲ. ನೋಹನ ನಾವೆ ನಿಂತದ್ದು ಅರರಾಟ್ ಬೆಟ್ಟಗಳಲ್ಲಿ, ಅಬ್ರಹಾಮನು ಮಗನನ್ನು ಕರೆದೊಯ್ದದ್ದು ಮೊರೀಯ ಸೀಮೆಯ ಬೆಟ್ಟಕ್ಕೆ, ಮೋಶೆ ಕಣ್ಣು ಮುಚ್ಚಿದ್ದು ನೆಬೋ ಬೆಟ್ಟದ ಮೇಲೆ. ಆದರೆ ಹೆಜ್ಜೆಹೆಜ್ಜೆಗೂ ಒಂದು ಅಧ್ಯಾಯವನ್ನು ತೆರೆದಿಟ್ಟು ಓದಬಹುದಾದ ಬೆಟ್ಟವೆಂದರೆ ಸೀನಾಯಿ. ಇದಕ್ಕೆ ಹೋರೇಬ್ ಎಂಬ ಹೆಸರೂ ಉಂಟು. ಈಜಿಪ್ಟಿಗೆ ಸೇರಿದ ಸೀನಾಯಿ ಪರ್ಯಾಯ ದ್ವೀಪದ ದಕ್ಷಿಣದಲ್ಲಿರುವ ಈ ಶಿಖರವನ್ನು ಅಲ್ಲಿನವರು ಕರೆಯುವುದು ಜೆಬೆಲ್ ಮೂಸಾ, ಅಂದರೆ ಮೋಶೆಯ ಬೆಟ್ಟ. ಎತ್ತರ 2,285 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 350 ಮೀಟರ್ ಹೆಚ್ಚು.

ಬೆಂಗಳೂರು, ಮಂಗಳೂರುಗಳಿಂದ ಹೊರಡುವ ‘ಪವಿತ್ರ ನಾಡು’ ಪ್ರವಾಸಗಳಲ್ಲಿ ಈ ಬೆಟ್ಟಕ್ಕೆ ಸಿಗುವುದು ಸಾಮಾನ್ಯವಾಗಿ ಒಂದು ರಾತ್ರಿ. ಕೈರೋದಿಂದ ಸಂಜೆಗೆ ಬಂದು, ನಡುರಾತ್ರಿ ಹತ್ತಿ, ಸೂರ್ಯೋದಯದ ಫೋಟೋ ತೆಗೆದು, ತಿಂಡಿ ತಿಂದು, ಮಧ್ಯಾಹ್ನದೊಳಗೆ ಗಡಿಯ ಕಡೆ ಬಸ್ಸು ಹತ್ತುವುದು. ಹೀಗೆ ಹೋದರೆ ತುದಿ ಸಿಗುತ್ತದೆ, ಬೆಟ್ಟ ಸಿಗುವುದಿಲ್ಲ. ಇಸ್ರಾಯೇಲ್ಯರು ಈಜಿಪ್ಟಿನ ದಾಸ್ಯದಿಂದ ಹೊರಬಂದ ಕಥೆ ಹೇಳುವ ವಿಮೋಚನಕಾಂಡದಲ್ಲಿ, ಅವರ ನಾಯಕ ಮೋಶೆ ಈ ಬೆಟ್ಟ ಹತ್ತಿದ್ದು ಒಂದು ಸಲವಲ್ಲ, ಹಲವು ಸಲ. ಹತ್ತಿದಷ್ಟೇ ಸಲ ಇಳಿದೂ ಇದ್ದಾನೆ. ಕಥೆಯ ಮುಖ್ಯ ತಿರುವುಗಳೆಲ್ಲ ನಡೆಯುವುದು ಇಳಿಯುವಾಗಲೇ. ಆದ್ದರಿಂದ ಇಳಿಯುವ ದಾರಿಗೂ ಬುಡದ ಬಯಲಿಗೂ ಸಮಯ ಇಟ್ಟುಕೊಂಡ ನಾಲ್ಕು ದಿನಗಳ ಲೆಕ್ಕ ಇಲ್ಲಿದೆ.

ಓದುವ ಕ್ರಮ ಹೊಸದಲ್ಲ. 4ನೇ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದ ಈಗೇರಿಯಾ ಎಂಬ ಯಾತ್ರಿಕಳು ಪ್ರತಿ ತಾಣದಲ್ಲೂ ನಿಂತು, ಆ ತಾಣದ ಮಾತು ಬರುವ ಭಾಗವನ್ನು ಅಲ್ಲೇ ಓದಿಸಿ ಮುಂದೆ ಹೋಗುತ್ತಿದ್ದಳು. ಜೇಬಿನಲ್ಲಿ ಹಿಡಿಸುವ ಬೈಬಲ್ ಇದ್ದರೆ ಸಾಕು. ಮೊಬೈಲನ್ನೇ ನೆಚ್ಚಿಕೊಂಡವರು ವಿಮೋಚನಕಾಂಡದ 15ರಿಂದ 40, 1 ಅರಸುಗಳು 19, ಇಬ್ರಿಯರಿಗೆ 12, ಇಷ್ಟನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಬೆಟ್ಟದ ಮೇಲೆ ನೆಟ್‌ವರ್ಕ್ ನಂಬುವಂತಿಲ್ಲ. ಪುಸ್ತಕದ ಹೆಸರಿಲ್ಲದೆ ಮುಂದೆ ಬರುವ 15:23ರಂಥ ಅಂಕಿಗಳೆಲ್ಲ ವಿಮೋಚನಕಾಂಡದ ಅಧ್ಯಾಯ, ವಚನ.

ಮೊದಲನೆಯ ದಿನ: ಕೈರೋದಿಂದ ಸಂತ ಕ್ಯಾಥರೀನ್ ಊರಿಗೆ

ದೂರ ಸುಮಾರು 450 ಕಿ.ಮೀ. ರಸ್ತೆ ಚೆನ್ನಾಗಿದೆ, ಆದರೂ ಏಳೆಂಟು ಗಂಟೆ ಬೇಕು. ಕಾರಣ ದಾರಿಯುದ್ದಕ್ಕೂ ಬರುವ ತಪಾಸಣಾ ಠಾಣೆಗಳು. ಪಾಸ್‌ಪೋರ್ಟನ್ನು ಡಿಕ್ಕಿಯ ಸೂಟ್‌ಕೇಸಿನಲ್ಲಿ ಹಾಕಿಟ್ಟವರಿಂದ ಇಡೀ ಬಸ್ಸೇ ನಿಲ್ಲುತ್ತದೆ. ಪಾಸ್‌ಪೋರ್ಟ್, ವೀಸಾ ಹಾಳೆಗಳ ನಾಲ್ಕೈದು ಜೆರಾಕ್ಸ್ ಪ್ರತಿಗಳು ಕೈಚೀಲದಲ್ಲೇ ಇರಲಿ. ಬೆಳಗ್ಗೆ 6ಕ್ಕೆ ಹೊರಟರೆ ಬೆಳಕಿರುವಾಗಲೇ ತಲುಪಬಹುದು. ಈ ದಾರಿಯನ್ನು ಕತ್ತಲಲ್ಲಿ ದಾಟಿದರೆ ಅರ್ಧ ಯಾತ್ರೆಯೇ ನಷ್ಟ.

ಸುಯೆಜ್ ಕಾಲುವೆಯ ಕೆಳಗೆ ಅಹ್ಮದ್ ಹಮ್ದಿ ಸುರಂಗ ಸುಮಾರು 1.6 ಕಿ.ಮೀ. ಎರಡು ನಿಮಿಷದಲ್ಲಿ ಆಫ್ರಿಕಾ ಮುಗಿದು ಏಷ್ಯಾ ಶುರು. ಅಲ್ಲಿಂದ ಬಲಗಡೆಗೆ ಕೊಲ್ಲಿಯ ನೀಲಿ, ಎಡಗಡೆಗೆ ಬರಡು. ಮೊದಲು ಸಿಗುವುದು ಅಯೂನ್ ಮೂಸಾ, ಮೋಶೆಯ ಚಿಲುಮೆಗಳು. ಕಹಿ ನೀರಿನ ಮಾರಾ ಇದೇ ಎನ್ನುವವರಿದ್ದಾರೆ (15:23). ಹನ್ನೆರಡು ಒರತೆ, ಎಪ್ಪತ್ತು ಖರ್ಜೂರದ ಮರಗಳಿದ್ದ ಏಲೀಮ್ ಇದರ ದಕ್ಷಿಣಕ್ಕಿರುವ ವಾದಿ (ಒಣ ಕಣಿವೆ) ಘರಂದೇಲ್ ಎಂಬ ಊಹೆಯೂ ಇದೆ. ಇಲ್ಲಿ ಹತ್ತು ನಿಮಿಷ ಸಾಕು.

ಅಬು ಝೆನೀಮಾ ದಾಟಿ ಕರಾವಳಿ ಬಿಟ್ಟು ಒಳಕ್ಕೆ ತಿರುಗಿದ ಮೇಲೆ ವಾದಿ ಫೈರಾನ್. ಕಲ್ಲಿನ ಕೊರಕಲಿನ ನಡುವೆ ಇದ್ದಕ್ಕಿದ್ದಂತೆ ಖರ್ಜೂರದ ತೋಪು. ಸಂಪ್ರದಾಯ ಇದನ್ನು ರೆಫೀದೀಮ್ ಎನ್ನುತ್ತದೆ. ಅಮಾಲೇಕ್ಯರೊಡನೆ ಯುದ್ಧ ನಡೆಯುವಾಗ ಎದುರಿನ ಜೆಬೆಲ್ ತಾಹೂನಾ ಗುಡ್ಡದ ಮೇಲೆ ಮೋಶೆ ಕೈಯೆತ್ತಿ ನಿಂತಿದ್ದನಂತೆ. ಕೈ ಸೋತಾಗ ಅಣ್ಣ ಆರೋನನೂ ಜೊತೆಗಿದ್ದ ಹೂರನೂ ಎರಡು ಕಡೆಯಿಂದ ಹಿಡಿದುಕೊಂಡರು (17:12). ಗುಡ್ಡದ ಮೇಲೆ ಹಳೆಯ ಚರ್ಚುಗಳ ಅವಶೇಷಗಳಿವೆ. ಒಂದು ಕಾಲಕ್ಕೆ ಫೈರಾನ್ ಬಿಷಪ್ಪರ ಪೀಠವಾಗಿತ್ತು.

ತೋಪಿನ ದಕ್ಷಿಣಕ್ಕೆ ಎದ್ದಿರುವ ಗರಗಸದಂಥ ಬೆಟ್ಟ ಜೆಬೆಲ್ ಸೆರ್ಬಾಲ್, 2,070 ಮೀಟರ್. ನಿಜವಾದ ಸೀನಾಯಿ ಇದೇ ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಇಸ್ರೇಲಿನ ನೆಗೆವ್‌ನಲ್ಲಿರುವ ಹರ್ ಕರ್ಕೋಮ್, ಸೌದಿ ಅರೇಬಿಯಾದ ಜೆಬೆಲ್ ಅಲ್ ಲೌಝ್ ಕೂಡ ಪೈಪೋಟಿಯಲ್ಲಿವೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಸೀನಾಯಿಯನ್ನು ಅರಬಸ್ಥಾನದ ಬೆಟ್ಟ ಎಂದಿರುವುದು ಸೌದಿ ಪಕ್ಷದವರಿಗೆ ಸಿಕ್ಕ ಆಧಾರ. ಆದರೆ ಆ ಕಾಲದ ಅರಬಸ್ಥಾನದಲ್ಲಿ ಈ ಪರ್ಯಾಯ ದ್ವೀಪವೂ ಸೇರುತ್ತಿತ್ತು, ಹಾಗಾಗಿ ಆ ಮಾತಿನಿಂದ ತೀರ್ಮಾನವೇನೂ ಆಗುವುದಿಲ್ಲ. ಯೆಹೂದ್ಯರಂತೂ ಯಾವ ಬೆಟ್ಟವನ್ನೂ ಸೀನಾಯಿ ಎಂದು ಗುರುತಿಸಿ ಯಾತ್ರೆಯ ಸಂಪ್ರದಾಯ ಬೆಳೆಸಲಿಲ್ಲ. ಅದಕ್ಕೆ ಪಠ್ಯದಲ್ಲೇ ಒಂದು ಸುಳಿವಿದೆ. ದೇವರು ಇಳಿದುಬಂದಾಗ ಬೆಟ್ಟದ ಸುತ್ತ ಎಲ್ಲೆ ಕಟ್ಟಬೇಕು, ಮುಟ್ಟಿದವರು ಸಾಯುತ್ತಾರೆ. ಕೊಂಬಿನ ನೀಳವಾದ ಧ್ವನಿ ಕೇಳಿಸಿದ ಮೇಲೆ ಮಾತ್ರ ಹತ್ತಬಹುದು (19:12–13). ಪಾವಿತ್ರ್ಯ ಕಲ್ಲಿನದಲ್ಲ, ಬಂದವನದು. ಅವನು ಹೊರಟ ಮೇಲೆ ಅದು ಬರೀ ಬೆಟ್ಟ. ಹಾಗಾದರೆ ಅವನು ಎಲ್ಲಿಗೆ ಹೊರಟ ಎಂಬುದಕ್ಕೆ ಉತ್ತರ ನಾಳೆ ಬಯಲಿನಲ್ಲಿ.

ಫೈರಾನ್ ದಾಟಿದ ಮೇಲೆ ರಸ್ತೆಬದಿಯಲ್ಲಿ ಸೂಜಿಯಂಥ ಎಲೆಗಳ ಮರಗಳನ್ನು ಗಮನಿಸಿ. ಬೆದೂಯಿನರು ಇದನ್ನು ತರ್ಫಾ ಎನ್ನುತ್ತಾರೆ. ಬೇಸಿಗೆಯ ಆರಂಭದಲ್ಲಿ ಈ ಮರದ ರಸ ಹೀರುವ ಸಣ್ಣ ಕೀಟಗಳು ಸಿಹಿಯಾದ ಹನಿಗಳನ್ನು ಸ್ರವಿಸುತ್ತವೆ. ರಾತ್ರಿಯ ತಂಪಿಗೆ ಗಟ್ಟಿಯಾಗಿ, ಬಿಸಿಲೇರಿದರೆ ಕರಗುವ ಈ ಹನಿಗಳಿಗೆ ಇಂದಿಗೂ ‘ಮನ್’ ಎಂದೇ ಹೆಸರು. ಇಸ್ರಾಯೇಲ್ಯರು ಅಡವಿಯಲ್ಲಿ ತಿಂದ ಮನ್ನ ಇದೇ ಎಂದು ಹಟ ಹಿಡಿಯುವುದು ಬೇಡ, ಲಕ್ಷಾಂತರ ಜನರಿಗೆ ಸಾಲುವಷ್ಟು ಇದು ಎಂದೂ ಸಿಕ್ಕಿಲ್ಲ. ಆದರೆ ‘ಬಿಸಿಲೇರಿದಾಗ ಕರಗಿತು’ ಎಂಬ ಮಾತು (16:21) ಈ ಮರದ ಕೆಳಗೆ ಬೇರೆಯಾಗಿಯೇ ಕೇಳಿಸುತ್ತದೆ.

ಊರು ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಮೂಗಿನ ಒಳಗೆಲ್ಲ ಒಣಗುತ್ತದೆ, ನೀರು ಕುಡಿಯುತ್ತಿರಿ.

ಎರಡನೆಯ ದಿನ: ಬಯಲು, ಆಮೇಲೆ ಮಠ

ಬೆಳಗ್ಗೆ ಎದ್ದವರೇ ಅಲ್ ರಾಹಾ ಬಯಲಿಗೆ ನಡೆಯಿರಿ. ರಾಹಾ ಎಂದರೆ ವಿಶ್ರಾಂತಿ. ಇಸ್ರಾಯೇಲ್ಯರು ಡೇರೆ ಹಾಕಿದ್ದು ಇಲ್ಲಿ ಎಂಬುದು ಸಂಪ್ರದಾಯ. ಈಚಿನ ವರ್ಷಗಳಲ್ಲಿ ಊರಿನ ಸುತ್ತ ದೊಡ್ಡ ಕಟ್ಟಡಗಳ ಕೆಲಸ ನಡೆದಿದೆ, ಬೇಕಾದ ನೋಟಕ್ಕೆ ಒಂದಿಷ್ಟು ಜಾಗ ಹುಡುಕಬೇಕಾಗುತ್ತದೆ.

ಬಯಲಿನ ತುದಿಗೆ ಗೋಡೆಯಂತೆ ಎದ್ದಿರುವ ಕೆಂಪು ಗ್ರಾನೈಟ್ ಮುಖವನ್ನು ನೋಡಿ, ಇದೇ ಜೆಬೆಲ್ ಮೂಸಾ ಎಂದು ಕೈಮುಗಿಯುವವರು ಬಹಳ. ಅದು ರಾಸ್ ಸಫ್ಸಾಫಾ, ಅದೇ ಬೆಟ್ಟಸಾಲಿನ ಉತ್ತರದ ತುದಿ. ಮೂಸಾ ಶಿಖರ ಅದರ ಹಿಂದೆ, ದಕ್ಷಿಣಕ್ಕೆ ಅಡಗಿದೆ. ಬಯಲಿನಿಂದ ಕಾಣುವುದೇ ಇಲ್ಲ. 1838ರಲ್ಲಿ ಬಂದ ಅಮೆರಿಕದ ವಿದ್ವಾಂಸ ಎಡ್ವರ್ಡ್ ರಾಬಿನ್ಸನ್ ಇದೇ ಕಾರಣಕ್ಕೆ, ಜನರೆಲ್ಲ ನೋಡುತ್ತಿದ್ದ ಬೆಟ್ಟ ಸಫ್ಸಾಫಾನೇ ಇರಬೇಕು ಎಂದ.

ನಮಗೆ ಈ ಮರೆಯೇ ಮುಖ್ಯ ಅನ್ನಿಸುತ್ತದೆ. ಇಲ್ಲಿ ನಿಂತು 32ನೇ ಅಧ್ಯಾಯದ ಮೊದಲ ವಚನ ಓದಿ: ಆ ಮೋಶೆ ಏನಾದನೋ ನಮಗೆ ಗೊತ್ತಿಲ್ಲ ಎನ್ನುತ್ತಾರೆ ಜನ. ಒಬ್ಬ ಮನುಷ್ಯ ಬಂಡೆಗಳ ನಡುವೆ ತಿರುಗಿ ಮರೆಯಾದ. ಮೇಲೆ ಮೋಡ. ನಲವತ್ತು ದಿನ ಸುದ್ದಿಯಿಲ್ಲ. ಅವರು ಪೂಜೆಗೆಂದು ಮಾಡಿಸಿಕೊಂಡ ಚಿನ್ನದ ಕರು ಹುಟ್ಟಿದ್ದು ದುರಾಸೆಯಿಂದಲ್ಲ, ಕಾದು ಕಾದು ಸಾಕಾಗಿ. ಬೋಧನೆಗಳಲ್ಲಿ ಆ ಜನರನ್ನು ಬೈಯುವುದು ಸುಲಭ. ಈ ಬಯಲಿನಲ್ಲಿ ಅರ್ಧ ಗಂಟೆ ನಿಂತರೆ ಬೈಗುಳ ಅಷ್ಟು ಸಲೀಸಾಗಿ ಬರುವುದಿಲ್ಲ.

ಇಲ್ಲಿಂದಲೇ ಬೆಟ್ಟದ ಮೂರು ಅಂತಸ್ತುಗಳನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ. ಬುಡದಲ್ಲಿ ಜನ ಮತ್ತು ಯಜ್ಞವೇದಿ. ನಡುವೆ ಆರೋನ ಮತ್ತು ಎಪ್ಪತ್ತು ಹಿರಿಯರು. ಅವರು ಇಸ್ರಾಯೇಲಿನ ದೇವರನ್ನು ಕಂಡು ಅಲ್ಲೇ ಉಂಡು ಕುಡಿದರು (24:9–11). ತುದಿಗೆ ಮೋಶೆ ಒಬ್ಬನೇ. ಮುಂದೆ ಕಟ್ಟಿದ, ಹೊತ್ತೊಯ್ಯಬಹುದಾದ ಆರಾಧನೆಯ ಡೇರೆಯಾದ ದೇವದರ್ಶನದ ಗುಡಾರವೂ ಇದೇ ನಕ್ಷೆ: ಅಂಗಳದಲ್ಲಿ ಜನ ಮತ್ತು ವೇದಿ, ಪವಿತ್ರಸ್ಥಾನದಲ್ಲಿ ಯಾಜಕರು, ಮಹಾಪವಿತ್ರಸ್ಥಾನಕ್ಕೆ ಒಬ್ಬನಿಗೇ ಪ್ರವೇಶ. ಸೀನಾಯಿಯ ಮೇಲೆ ಬಹಿರಂಗವಾಗಿ ನೆಲೆಸಿದ್ದ ಮಹಿಮೆ ಗುಡಾರದಲ್ಲಿ ಗುಪ್ತವಾಗಿ ನೆಲೆಸಿತು ಎಂದು 13ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ನಹ್ಮನೀಡಿಸ್ ಹೇಳಿದ್ದು ಇದನ್ನೇ. ದೇವರು ಹೊರಟದ್ದು ಅಲ್ಲಿಗೆ. ಬೆಟ್ಟವನ್ನು ಮಡಿಚಿ, ಗೂಟ ಕಿತ್ತು, ಹೆಗಲ ಮೇಲೆ ಹೊತ್ತುಕೊಂಡು ಹೋದಂತೆ.

9ಕ್ಕೆ ಮಠದ ಬಾಗಿಲಲ್ಲಿರಿ. ಸಂತ ಕ್ಯಾಥರೀನ್ ಮಠ ಸಾಮಾನ್ಯವಾಗಿ ನಡುಹೊತ್ತಿನವರೆಗೆ ಮಾತ್ರ ತೆರೆದಿರುತ್ತದೆ. ಶುಕ್ರವಾರ, ಭಾನುವಾರ ಮತ್ತು ಆರ್ಥೊಡಾಕ್ಸ್ ಹಬ್ಬಗಳಂದು ಮುಚ್ಚಿರುವುದುಂಟು. ಅವರ ಈಸ್ಟರ್ ನಮ್ಮ ಕ್ಯಾಲೆಂಡರಿನ ಈಸ್ಟರ್ ದಿನವೇ ಬರಬೇಕೆಂದಿಲ್ಲ. ಹಿಂದಿನ ದಿನವೇ ಹೋಟೆಲಿನವರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಚರ್ಚಿನೊಳಗೆ ಫೋಟೋ ಇಲ್ಲ.

ಕೋಟೆಯಂಥ ಗೋಡೆಗಳು ಚಕ್ರವರ್ತಿ ಜಸ್ಟೀನಿಯನ್ ಕಾಲದವು. ಕಾಲ ನಿರ್ಣಯವಾದ ಬಗೆ ಸ್ವಾರಸ್ಯವಾಗಿದೆ. ಚರ್ಚಿನ ಚಾವಣಿಯ ತೊಲೆಗಳ ಮೇಲಿನ ಬರಹ ಚಕ್ರವರ್ತಿಯನ್ನು ಬದುಕಿರುವವನೆಂದೂ ರಾಣಿ ಥಿಯೊಡೋರಾಳನ್ನು ತೀರಿಕೊಂಡವಳೆಂದೂ ಸ್ಮರಿಸುತ್ತದೆ. ಅವಳು ತೀರಿಕೊಂಡದ್ದು 548ರಲ್ಲಿ, ಅವನು 565ರಲ್ಲಿ. ಕಟ್ಟಡ ಈ ಎರಡು ವರ್ಷಗಳ ನಡುವಿನದು.

ಪೂರ್ವದ ಅರ್ಧಗುಮ್ಮಟದಲ್ಲಿ 6ನೇ ಶತಮಾನದ ಮೊಸಾಯಿಕ್ ಇದೆ. ವಿಷಯ ಯೇಸುವಿನ ರೂಪಾಂತರ, ಅಂದರೆ ಒಂದು ಬೆಟ್ಟದ ಮೇಲೆ ಶಿಷ್ಯರೆದುರು ಅವನ ಮುಖ ಬೆಳಗಿದ ಘಟನೆ. ಮುಂದಿನ ಪರದೆಗೋಡೆಯಿಂದಾಗಿ ಪೂರ್ತಿ ಕಾಣುವುದಿಲ್ಲ, ಕತ್ತು ವಾರೆ ಮಾಡಬೇಕು. ಇಲ್ಲಿ ಆತುರ ಬೇಡ. ಈ ಜಾಗದ ಅರ್ಥವನ್ನು ಇಷ್ಟು ಚೆನ್ನಾಗಿ ಹೇಳುವ ಇನ್ನೊಂದು ವಸ್ತು ಇಲ್ಲಿಲ್ಲ. ಕ್ರಿಸ್ತನ ಎರಡು ಕಡೆ ನಿಂತವರು ಮೋಶೆ ಮತ್ತು ಪ್ರವಾದಿ ಎಲೀಯ. ಇಬ್ಬರೂ ಈ ಬೆಟ್ಟಕ್ಕೆ ಬಂದವರು, ಇಬ್ಬರಿಗೂ ಮುಖದರ್ಶನವಾಗಲಿಲ್ಲ. ಮೋಶೆ ಕೇಳಿದ; ಬಂಡೆಯ ಸಂದಿನಲ್ಲಿ ನಿಲ್ಲಿಸಿ ಬೆನ್ನು ಮಾತ್ರ ತೋರಿಸಲಾಯಿತು (33:18–23). ಎಲೀಯ ಕಂಬಳಿಯಿಂದ ತಾನೇ ಮುಖ ಮುಚ್ಚಿಕೊಂಡ (1 ಅರಸುಗಳು 19:13). ಇಲ್ಲಿ ತಡೆಹಿಡಿದದ್ದು ಸುವಾರ್ತೆಯ ಇನ್ನೊಂದು ಬೆಟ್ಟದ ಮೇಲೆ ಕೊಡಲ್ಪಟ್ಟಿತು ಎಂಬುದು ಸೀನಾಯಿಯ ಸನ್ಯಾಸಿಗಳ ಓದು. ಮೇಲಿನ ಗೋಡೆಯಲ್ಲಿ ಎರಡು ಚಿಕ್ಕ ಚಿತ್ರಗಳು: ಒಂದರಲ್ಲಿ ಮೋಶೆ ಕೆರ ಬಿಚ್ಚುತ್ತಿದ್ದಾನೆ, ಇನ್ನೊಂದರಲ್ಲಿ ಧರ್ಮಶಾಸ್ತ್ರ ಪಡೆಯುತ್ತಿದ್ದಾನೆ.

ಉರಿಯುವ ಪೊದೆ ಚರ್ಚಿನ ಹಿಂಬದಿಯಲ್ಲಿದೆ. ಮುಳ್ಳಿನ ಬ್ಲ್ಯಾಕ್‌ಬೆರಿ ಜಾತಿಯ ಬಳ್ಳಿಪೊದೆ, ಕಲ್ಲಿನ ಕಟ್ಟೆಯ ಮೇಲಿಂದ ಜೋಲುತ್ತದೆ. ಎಲೆ ಕೀಳಬೇಡಿ, ನಿತ್ಯ ಬರುವ ಜನರೆಲ್ಲ ಒಂದೊಂದು ಎಲೆ ಕಿತ್ತರೆ ಬೆಂಕಿಗೆ ಸುಟ್ಟುಹೋಗದ ಪೊದೆ ಭಕ್ತಿಗೇ ಮುಗಿದುಹೋದೀತು. ಹೀಬ್ರೂವಿನಲ್ಲಿ ಪೊದೆಗೆ ‘ಸೆನೆ’. ಸೆನೆ, ಸೀನಾಯ್ ಎಂಬ ಪ್ರಾಸವನ್ನು ಆ ಭಾಷೆಯ ಓದುಗರು ಮೊದಲಿನಿಂದಲೂ ಗಮನಿಸಿದ್ದಾರೆ.

ಸಮಯ ಉಳಿದರೆ ಸಂಗ್ರಹಾಲಯದಲ್ಲಿ ಮೇಣದ ಬಣ್ಣದ ಕ್ರಿಸ್ತನ ಪಟ, 6ನೇ ಶತಮಾನದ್ದು. ಇಲ್ಲಿದ್ದ ಪ್ರಖ್ಯಾತ ಗ್ರೀಕ್ ಬೈಬಲ್ ಹಸ್ತಪ್ರತಿಯ ಬಹುಭಾಗ ಈಗ ಲಂಡನ್ನಿನಲ್ಲಿದೆ. 19ನೇ ಶತಮಾನದಲ್ಲಿ ಟಿಶೆನ್‌ಡಾರ್ಫ್ ಎಂಬ ವಿದ್ವಾಂಸನ ಮೂಲಕ ರಷ್ಯಕ್ಕೆ ಹೋಗಿ, 1933ರಲ್ಲಿ ಸೋವಿಯತ್ ಸರ್ಕಾರದಿಂದ ಒಂದು ಲಕ್ಷ ಪೌಂಡಿಗೆ ಮಾರಾಟವಾಯಿತು. ಮಠದವರು ಇದನ್ನು ಇನ್ನೂ ಮರೆತಿಲ್ಲ.

ಮಧ್ಯಾಹ್ನ ಮಲಗಿ. ಸಂಜೆ 6ಕ್ಕೆ ಹಗುರ ಊಟ, ಮತ್ತೆ ನಿದ್ದೆ.

ಮೂರನೆಯ ದಿನ: ಹತ್ತುವುದು, ಇಳಿಯುವುದು

ಸೂರ್ಯೋದಯಕ್ಕೆ ನಾಲ್ಕು ಗಂಟೆ ಮೊದಲು ಮಠದ ಬಳಿಯಿಂದ ಹೊರಡಬೇಕು. ಬೆದೂಯಿನ್ ಮಾರ್ಗದರ್ಶಿ ಕಡ್ಡಾಯ. ಇವರು ಜೆಬೆಲಿಯಾ ಕುಲದವರು. ಮಠದ ಕಾವಲಿಗೆಂದು ಜಸ್ಟೀನಿಯನ್ ಕಳಿಸಿದವರ ವಂಶ ತಮ್ಮದು ಎನ್ನುತ್ತಾರೆ.

ದಾರಿ ಎರಡು. ಒಂಟೆದಾರಿ ಅಗಲ, ಇಳಿಜಾರು ನಿಧಾನ, ಸುಮಾರು 7 ಕಿ.ಮೀ., ಮೂರು ಗಂಟೆ. ಮೆಟ್ಟಿಲುದಾರಿ ನೆಟ್ಟಗೆ, 3,750 ಮೆಟ್ಟಿಲು, ಅಂದರೆ ಹೆಚ್ಚುಕಡಿಮೆ ನಾಲ್ಕು ಚಾಮುಂಡಿ ಬೆಟ್ಟ. ಗೋಡೆ ಹತ್ತಿದಂತೆ ಎಂದು ಈಗೇರಿಯಾ ಬರೆದದ್ದು ಮೆಟ್ಟಿಲುಗಳು ಬರುವುದಕ್ಕೂ ಮೊದಲಿನ ಮಾತು. ಕತ್ತಲಲ್ಲಿ ಒಂಟೆದಾರಿಯಲ್ಲಿ ಹತ್ತಿ, ಬೆಳಕಿನಲ್ಲಿ ಮೆಟ್ಟಿಲಲ್ಲಿ ಇಳಿಯುವುದೇ ಸರಿಯಾದ ಕ್ರಮ. ಒಂಟೆದಾರಿಯ ಕೊನೆಗೆ ಎರಡೂ ಕೂಡಿಕೊಂಡು, ತುದಿಯವರೆಗಿನ 750 ಮೆಟ್ಟಿಲುಗಳನ್ನು ಎಲ್ಲರೂ ನಡೆದೇ ಹತ್ತಬೇಕು. ಒಂಟೆ ಅಲ್ಲಿಗೆ ಬರುವುದಿಲ್ಲ. ಇದು ಗೊತ್ತಿಲ್ಲದೆ ತುದಿಯವರೆಗೂ ಒಂಟೆಯ ಮೇಲೆ ಹೋಗುವೆವೆಂದು ನಂಬಿ ಬರುವ ಹಿರಿಯರು ಇಲ್ಲಿ ಕುಸಿದು ಕೂರುತ್ತಾರೆ. ಮಂಡಿನೋವಿನವರು ಅಲ್ಲೇ ಚಹಾ ಗುಡಿಸಲಿನಲ್ಲಿ ಕಾಯಲಿ. ಎಪ್ಪತ್ತು ಹಿರಿಯರೂ ನಡುವೆಯೇ ನಿಂತವರು. ಒಂಟೆಯ ಬಾಡಿಗೆಯನ್ನು ಏರುವ ಮೊದಲೇ ಮಾತಾಡಿ, ಒಂದು ಕಡೆಗೋ ಎರಡೂ ಕಡೆಗೋ ಎಂಬುದನ್ನು ಸ್ಪಷ್ಟ ಮಾಡಿಕೊಳ್ಳಿ.

ಕೆಡುವುದು ಎಲ್ಲಿ ಎಂದರೆ, ಮೊದಲನೆಯದು ಬೆವರು. ಕೆಳಗೆ ಚಳಿ ಎಂದು ಎಲ್ಲ ಉಣ್ಣೆ ಬಟ್ಟೆ ಹಾಕಿಕೊಂಡು ಹತ್ತಿದರೆ ಒಳಗಿನ ಅಂಗಿ ನೆನೆಯುತ್ತದೆ, ತುದಿಯ ಗಾಳಿಗೆ ಅದೇ ಮಂಜುಗಡ್ಡೆಯಂತಾಗುತ್ತದೆ. ತೆಳ್ಳಗೆ ಉಟ್ಟು ಹತ್ತಿ, ಮೇಲೆ ಹೋಗಿ ಒಣ ಅಂಗಿ ಬದಲಿಸಿ ಸ್ವೆಟರ್ ಹಾಕಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ತುದಿಯಲ್ಲಿ ಸೊನ್ನೆಗಿಂತ ಕೆಳಗೆ ಹೋಗುವುದು, ಹಿಮ ಬೀಳುವುದು ಎರಡೂ ಉಂಟು. ಕಂಬಳಿ ಬಾಡಿಗೆಗೆ ಸಿಗುತ್ತದೆ. ಎರಡನೆಯದು ಟಾರ್ಚ್: ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಬದಲಿ ಸೆಲ್ಲನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಡಿ. ಕೈಗಿಂತ ಹಣೆಗೆ ಕಟ್ಟುವ ದೀಪ ಮೇಲು. ಮೂರನೆಯದು ಒಂಟೆಗಳು. ಕತ್ತಲಲ್ಲಿ ಸದ್ದಿಲ್ಲದೆ ಬರುತ್ತವೆ. ದಾರಿ ಬಿಡುವಾಗ ಬೆಟ್ಟದ ಕಡೆ ಸರಿಯಿರಿ, ಕಣಿವೆಯ ಕಡೆಗಲ್ಲ. ತಲಾ ಎರಡು ಲೀಟರ್ ನೀರು, ಒಂದು ಹಿಡಿ ಖರ್ಜೂರ, ಕಡಲೆಬೀಜ ಸಾಕು.

ತುದಿಯಲ್ಲಿ ಚಿಕ್ಕ ಚರ್ಚು, ಪಕ್ಕದಲ್ಲಿ ಚಿಕ್ಕ ಮಸೀದಿ. ಚರ್ಚು ಜಸ್ಟೀನಿಯನ್ ಕಾಲದ ಚರ್ಚಿನ ಅವಶೇಷದ ಮೇಲೆ 1934ರಲ್ಲಿ ಕಟ್ಟಿದ್ದು, ಸಾಮಾನ್ಯವಾಗಿ ಬೀಗ ಹಾಕಿರುತ್ತದೆ. ಸೂರ್ಯ ಮೂಡುವಾಗ ಕೆಂಪು ಕಲ್ಲುಗಳು ಒಂದೊಂದೇ ಹೊತ್ತಿಕೊಂಡಂತೆ ಕಾಣುತ್ತವೆ. ಜೊತೆಗೆ ನೂರು ಮೊಬೈಲುಗಳೂ ಹೊತ್ತಿಕೊಳ್ಳುತ್ತವೆ. ಅರ್ಧ ಗಂಟೆ ಕಾದರೆ ಗುಂಪು ಕರಗುತ್ತದೆ, ಓದುವುದಾದರೆ ಆಗ ಓದಿ. 20ನೇ ಅಧ್ಯಾಯದ ಹತ್ತು ಆಜ್ಞೆಗಳನ್ನು ಎಲ್ಲರೂ ಓದುತ್ತಾರೆ. ಅದಕ್ಕಿಂತ 34:1ರಿಂದ 8 ಓದುವುದು ಒಳ್ಳೆಯದು. ಆಜ್ಞೆಗಳನ್ನು ಬರೆದ ಮೊದಲ ಕಲ್ಲಿನ ಹಲಗೆಗಳು ದೇವರೇ ಮಾಡಿದವು. ಒಡೆದ ಮೇಲೆ ಎರಡನೆಯ ಜೋಡಿಯನ್ನು ಮೋಶೆಯೇ ಕೆಳಗೆ ಕಡೆದು, ಹೊತ್ತುಕೊಂಡು ಹತ್ತಬೇಕಾಯಿತು. ದೇವರ ಕರುಣೆ, ದೀರ್ಘಶಾಂತಿಯ ಮಾತು ಕೇಳಿಸುವುದು ಈ ಎರಡನೆಯ ಸಲದಲ್ಲೇ.

ಈಗ ಇಳಿಯುವುದು. 750 ಮೆಟ್ಟಿಲು ಇಳಿದು, ಒಂಟೆದಾರಿ ಬಿಟ್ಟು ಮೆಟ್ಟಿಲುದಾರಿ ಹಿಡಿದರೆ ಸ್ವಲ್ಪದರಲ್ಲೇ ಎಲೀಯನ ತಗ್ಗು, ಫರ್ಶ್ ಇಲ್ಯಾಸ್. ಬಂಡೆಗಳ ನಡುವೆ ಬೋಗುಣಿಯಂಥ ಸಮತಟ್ಟು, ಒಂದು ಹಳೆಯ ಸೈಪ್ರಸ್ ಮರ, ಎಲೀಯನ ಗುಡಿ. ಅವಸರದ ಗುಂಪುಗಳು ಬಂದ ದಾರಿಯಲ್ಲೇ ಹಿಂತಿರುಗುವುದರಿಂದ ಇಲ್ಲಿ ನಿಶ್ಶಬ್ದ ಸಿಗುತ್ತದೆ, ನಿಶ್ಶಬ್ದವೇ ಇಲ್ಲಿನ ವಿಷಯ ಕೂಡ. ರಾಣಿ ಈಜೆಬೆಲಳ ಬೆದರಿಕೆಗೆ ಓಡಿದ ಎಲೀಯ ಬೇರ್ಷೆಬದಾಚೆಯ ಅಡವಿಯಲ್ಲಿ ರೋತೆಮ್ ಪೊದೆಯ ಕೆಳಗೆ ಸಾವು ಬೇಡಿದ. ಅರಬ್ಬಿಯಲ್ಲಿ ರತಮ್ ಎನ್ನುವ ಆ ಪೊದೆ ಇಲ್ಲಿನ ಕಣಿವೆಗಳಲ್ಲೂ ಇದೆ. ರೊಟ್ಟಿ, ನೀರಿನ ಬಲದಿಂದ ನಲವತ್ತು ಹಗಲು ನಲವತ್ತು ರಾತ್ರಿ ನಡೆದು ಹೋರೇಬಿಗೆ ಬಂದ. ಬಿರುಗಾಳಿ, ಭೂಕಂಪ, ಬೆಂಕಿ. ಮೋಶೆಯ ಕಾಲದಲ್ಲಿ ಯೆಹೋವನು ಬಂದದ್ದು ಹೀಗೇ ಗುಡುಗು, ಬೆಂಕಿ, ನಡುಕದೊಂದಿಗೆ. ಎಲೀಯನಿಗೆ ಮಾತ್ರ ಅವು ಯಾವುದರಲ್ಲೂ ಅವನು ಇರಲಿಲ್ಲ. ಕೊನೆಗೆ ಬಂದದ್ದು ಒಂದು ಮೆಲ್ಲನೆಯ ದನಿ. ಆ ದನಿ ಹೇಳಿದ್ದು ಇನ್ನಷ್ಟು ಹೊತ್ತು ಇಲ್ಲಿರು ಎಂದಲ್ಲ, ಬಂದ ದಾರಿ ಹಿಡಿದು ದಮಸ್ಕದ ಅಡವಿಗೆ ಹೋಗು ಎಂದು.

ಮೆಟ್ಟಿಲುಗಳು ಕಡೆದವಲ್ಲ, ಒರಟು ಕಲ್ಲುಗಳನ್ನು ಪೇರಿಸಿದವು. ಒಂದು ಗೇಣು, ಒಂದು ಮೊಳ ಎಂದು ಎತ್ತರ ಬದಲಾಗುತ್ತದೆ. ಊರುಗೋಲು ಇದ್ದರೆ ಮಂಡಿ ಉಳಿಯುತ್ತದೆ. ಹೆಜ್ಜೆಯನ್ನು ಅಡ್ಡಡ್ಡ ಇಡಿ, ಧುಮುಕಬೇಡಿ. ಸವೆದ ಕಲ್ಲಿನ ಮೇಲೆ ಸಣ್ಣ ಜಲ್ಲಿ ಉರುಳುವುದರಿಂದ ಹಿಡಿತವಿಲ್ಲದ ಷೂ ಜಾರುತ್ತದೆ. ಹಿಮವಿದ್ದರೆ ಈ ದಾರಿ ಬೇಡ.

ದಾರಿಯಲ್ಲಿ ಎರಡು ಕಲ್ಲಿನ ಕಮಾನುಗಳಿವೆ. ಒಂದಕ್ಕೆ ಸ್ತೆಫಾನನ ಬಾಗಿಲು ಎಂದು ಹೆಸರು. 6ನೇ ಶತಮಾನದ ಈ ಸನ್ಯಾಸಿ ಇಲ್ಲಿ ಕುಳಿತು, ಹತ್ತುವವರ ಪಾಪನಿವೇದನೆ ಕೇಳಿ ಮೇಲೆ ಬಿಡುತ್ತಿದ್ದ. ಯೆಹೋವನ ಪರ್ವತವನ್ನು ಯಾರು ಹತ್ತಬಹುದು, ಶುದ್ಧಹಸ್ತನು ಎನ್ನುವ 24ನೇ ಕೀರ್ತನೆ ಈ ಜಾಗಕ್ಕೆಂದೇ ಬರೆದಂತಿದೆ. ನಾವು ಇದನ್ನು ದಾಟುವುದು ಇಳಿಯುವಾಗ, ತಡವಾಗಿ. ಪರವಾಗಿಲ್ಲ, ಸ್ತೆಫಾನ ಕೆಳಗೂ ಕಾಯುತ್ತಿದ್ದಾನೆ: ಮಠದ ತೋಟದ ಅಸ್ಥಿಗೃಹದಲ್ಲಿ ಅವನ ಎಲುಬುಗೂಡು ನಿಲುವಂಗಿ ತೊಟ್ಟು ಕುಳಿತಿದೆ, ಸುತ್ತ ಶತಮಾನಗಳ ಸನ್ಯಾಸಿಗಳ ತಲೆಬುರುಡೆಗಳ ರಾಶಿ.

ಕಮಾನು ದಾಟಿದ ಮೇಲೆ ಕಿರಿದಾದ ಕೊರಕಲು. ಎರಡೂ ಕಡೆ ಬಂಡೆ, ಕೆಳಗಿನದು ಏನೂ ಕಾಣುವುದಿಲ್ಲ. ಆದರೆ ಕಣಿವೆಯಿಂದ ಸದ್ದು ಬರುತ್ತದೆ: ನಾಯಿ, ಒಂಟೆ, ಬಸ್ಸಿನ ಹಾರ್ನ್, ಮನುಷ್ಯರ ಕೂಗು, ಯಾವುದು ಯಾವುದೆಂದು ಬಿಡಿಸಲಾಗದ ಗದ್ದಲ. ಇಲ್ಲಿ ನಿಂತು 32:15ರಿಂದ 19 ಓದಿ. ನಡುದಾರಿಯಲ್ಲಿ ಕಾದಿದ್ದ, ಮೋಶೆಯ ಸಹಾಯಕ ಯೆಹೋಶುವ ಸದ್ದು ಕೇಳಿ ಪಾಳೆಯದಲ್ಲಿ ಯುದ್ಧ ಎನ್ನುತ್ತಾನೆ. ಮೋಶೆ ಕಿವಿಗೊಟ್ಟು, ಗೆದ್ದವರ ಕೂಗೂ ಅಲ್ಲ, ಸೋತವರದೂ ಅಲ್ಲ, ಹಾಡು ಎನ್ನುತ್ತಾನೆ. ಇಬ್ಬರಿಗೂ ಇನ್ನೂ ಏನೂ ಕಂಡಿಲ್ಲ. ಕರುವೂ ಕುಣಿತವೂ ಕಣ್ಣಿಗೆ ಬಿದ್ದದ್ದು ಬುಡಕ್ಕೆ ಹತ್ತಿರವಾದ ಮೇಲೆ, ಹಲಗೆಗಳು ಒಡೆದದ್ದೂ ಅಲ್ಲೇ. ಒಂಟೆದಾರಿಯಲ್ಲಿ ಹತ್ತಿ ಇಳಿದವರಿಗೆ ಈ ಐದು ವಚನಗಳ ಭೂಗೋಳ ಸಿಗುವುದೇ ಇಲ್ಲ.

ಒಟ್ಟು ಇಳಿತಕ್ಕೆ ಎರಡರಿಂದ ಎರಡೂವರೆ ಗಂಟೆ. ಸಂಜೆಗೆ ಕಾಲಿನ ಸ್ನಾಯು ಬಿಗಿಯುತ್ತದೆ, ಬಿಸಿನೀರಿನ ಸ್ನಾನ ಮಾಡಿ. ಆಮೇಲೆ ಶಕ್ತಿ ಇದ್ದರೆ ರಾಹಾ ಬಯಲಿನ ಬಳಿಯ ನಬಿ ಹಾರೂನ್ ದಿಬ್ಬ. ಕರು ನಿಂತದ್ದು ಇಲ್ಲಿ ಎಂಬ ಐತಿಹ್ಯಕ್ಕೊಂದು ಚಿಕ್ಕ ಗುಡಿ.

ನಾಲ್ಕನೆಯ ದಿನ: ಹಿಂತಿರುಗುವುದು

ಕಾಲು ಗಟ್ಟಿ ಇದ್ದವರು ಒಂದು ದಿನ ಹೆಚ್ಚಿಟ್ಟುಕೊಂಡು ಜೆಬೆಲ್ ಕತರೀನಾ ಹತ್ತಬಹುದು. 2,600 ಮೀಟರ್ ಮೀರಿದ ಈಜಿಪ್ಟಿನ ಅತಿ ಎತ್ತರದ ಶಿಖರ. ಬೈಬಲಿನಲ್ಲಿ ಇದರ ಮಾತಿಲ್ಲ. ಅಲೆಕ್ಸಾಂಡ್ರಿಯದ ಹುತಾತ್ಮೆ ಕ್ಯಾಥರೀನಳ ದೇಹವನ್ನು ದೇವದೂತರು ಇಲ್ಲಿ ತಂದಿಟ್ಟರೆಂಬ ಐತಿಹ್ಯವಷ್ಟೆ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಗೆದ್ದದ್ದು ಅವಳ ಹಬ್ಬದ ದಿನ, ನವೆಂಬರ್ 25. ಹಳೆ ಗೋವೆಯ ಸೆ ಕೆಥೆಡ್ರಲ್ ಅವಳಿಗೇ ಅರ್ಪಿತ. ಗೋವೆಯ ಬೇರಿನ ಕರಾವಳಿ ಕ್ಯಾಥಲಿಕರಿಗೆ ಈ ಹೆಸರು ಹೊಸದಲ್ಲ.

ಉಳಿದವರು 7ಕ್ಕೆ ಹೊರಡಿ. ಇಸ್ರಾಯೇಲ್ಯರು ಇಲ್ಲಿ ಹತ್ತಿರ ಹತ್ತಿರ ಹನ್ನೊಂದು ತಿಂಗಳಿದ್ದರು. ಎರಡನೆಯ ವರ್ಷದ ಎರಡನೆಯ ತಿಂಗಳ ಇಪ್ಪತ್ತನೆಯ ದಿನ ಮೋಡ ಮೇಲೆದ್ದಿತು, ಅವರೂ ಎದ್ದರು (ಅರಣ್ಯಕಾಂಡ 10:11). ಬಸ್ಸಿನಲ್ಲಿ ಇಬ್ರಿಯರಿಗೆ 12:18ರಿಂದ 24 ಓದುವ ವಾಡಿಕೆ ಇಟ್ಟುಕೊಳ್ಳಿ: ಮುಟ್ಟಬಹುದಾದ, ಬೆಂಕಿ ಹೊತ್ತಿದ ಬೆಟ್ಟಕ್ಕಲ್ಲ ನೀವು ಬಂದದ್ದು ಎನ್ನುತ್ತದೆ ಆ ಪತ್ರ. ಎರಡು ದಿನ ಅದನ್ನೇ ಮುಟ್ಟಿ, ಹತ್ತಿ, ಮಂಡಿ ನೋಯಿಸಿಕೊಂಡವರ ಮುಖದಲ್ಲಿ ಆಗ ಒಂದು ನಗು ಬರುತ್ತದೆ.

ವಾತಿಯಾ ಕಣಿವೆದಾರಿ ದಾಟಿದ ಮೇಲೆ ಹಿಂದಿನ ಬೆಟ್ಟಸಾಲು ಪೂರ್ತಿ ಮರೆ. ಅಲ್ಲಿಂದ ಮುಂದೆ ಒಣ ಹಳ್ಳಗಳಲ್ಲಿ ಒಂಟೊಂಟಿಯಾಗಿ ಕೊಡೆಯಂತೆ ಹರಡಿ ನಿಂತ ಮುಳ್ಳುಮರಗಳು ಸಿಗುತ್ತವೆ. ಕನ್ನಡ ಬೈಬಲಿನ ಜಾಲೀಮರ ಇದೇ. ಗುಡಾರದ ಕುಶಲಕರ್ಮಿ ಬೆಚಲೇಲನು ಆಜ್ಞೆಗಳ ಹಲಗೆಗಳನ್ನಿಡುವ ಪೆಟ್ಟಿಗೆಯಾದ ಮಂಜೂಷವನ್ನು ಮಾಡಿದ್ದು ಈ ಮರದಿಂದ: ಉದ್ದ ಎರಡೂವರೆ ಮೊಳ, ಅಗಲ ಒಂದೂವರೆ, ಎತ್ತರ ಒಂದೂವರೆ. ಎರಡು ಕಲ್ಲಿನ ಹಲಗೆಗಳು ಹಿಡಿಸುವಷ್ಟು, ನಾಲ್ಕು ಜನ ಹೊರುವಷ್ಟು. ನೆರಳು ಕಡಿಮೆ, ಆದರೂ ತಪಾಸಣಾ ಠಾಣೆಯ ಸಾಲಿನಲ್ಲಿ ಬಸ್ಸು ನಿಂತಾಗ ಚಾಲಕರೆಲ್ಲ ಇಳಿದು ಕೂರುವುದು ಇದರ ಕೆಳಗೇ.